ಸುಶಾಂತನನ್ನು ಸ್ಕಾಟ್ಲೆಂಡಿಗೆ ಕಳಿಸುವ ಮುನ್ನ

ಲೀಗಿನ ಆಟಗಾರರ ವರ್ಗಾವಣೆ ಅಧಿಕಾರಿಗಳೇ,

ಈ ಶುಕ್ರವಾರ ನೀವು ನನ್ನ ಗಂಡನನ್ನು ಸ್ಕಾಟ್ಲೆಂಡಿಗೆ ಕೊಟ್ಟುಬಿಡಲು ಹೊರಟಿದ್ದೀರಿ. ಇಂಗ್ಲಿಷಿನಲ್ಲಿ ಬರೆದ ನನ್ನ ಪತ್ರಗಳಿಗೆ ನಿಮ್ಮ ಕಚೇರಿಯಿಂದ ಉತ್ತರವಿಲ್ಲ. ಆದ್ದರಿಂದ ಇದನ್ನು ಲಂಡನ್ನಿನ ನಮ್ಮ ಕನ್ನಡಿಗರ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದು, ನಿಜ. ಬರುವ ಭಾಷೆಯಲ್ಲಿ ಬರೆದಾಗ ಮಾತ್ರ ಏನು ಓದಿದಿರಿ?

ನಿಮ್ಮ ಯೋಜನೆಯಂತೆ ಲಂಡನ್ನಿನ ನಮ್ಮ ಕ್ರೋಯ್ಡನ್ ಬ್ಯಾಸ್ಕೆಟ್‌ಬಾಲ್ ತಂಡದ ಸುಶಾಂತ ಸ್ಕಾಟ್ಲೆಂಡಿನ ತಂಡಕ್ಕೆ ಹೋಗಬೇಕು, ಅಲ್ಲಿಯ ಒಬ್ಬ ಎಳೆಯ ಆಟಗಾರ ಉತ್ತರ ಇಂಗ್ಲೆಂಡಿನ ತಂಡಕ್ಕೆ ಹೋಗಬೇಕು, ಆ ತಂಡದ ಏಳಡಿ ಎತ್ತರದ ಆಟಗಾರ ನಮ್ಮಲ್ಲಿಗೆ ಬರಬೇಕು. "ಮೂರೂ ತಂಡಗಳಿಗೆ ಸಮಾನ ಲಾಭ" ಎಂದು ಹೇಳಿಕೆ ಕೊಟ್ಟಿದ್ದೀರಿ. ಎಷ್ಟು ಅಚ್ಚುಕಟ್ಟಾದ ನ್ಯಾಯ!

ನಮ್ಮ ಮಗಳು ತೃಷಾಗೆ ಐದು ವರ್ಷ. ಹುಟ್ಟಿನಿಂದ ಕಿವಿ ಕೇಳಿಸದು. ಕಳೆದ ವರ್ಷ ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಯಂತ್ರ ಕೂರಿಸಿದರು. ಮೊದಮೊದಲು ಸಣ್ಣ ಸದ್ದಿಗೂ ಬೆದರಿ ಮೇಜಿನಡಿ ಸೇರುತ್ತಿದ್ದಳು. ಸುಶಾಂತ ಅವಳನ್ನು ಅಭ್ಯಾಸದ ಹಾಲ್‌ಗೆ ಕರೆದೊಯ್ದು, ಮರದ ನೆಲದ ಮೇಲೆ ಕೂರಿಸಿ, ಮೆಲ್ಲಗೆ ಚೆಂಡು ಪುಟಿಸುತ್ತಿದ್ದ. ನೆಲಕ್ಕೊತ್ತಿದ ಅವಳ ಅಂಗೈಗೆ ತಾಗುತ್ತಿದ್ದ ಆ ಪೆಟ್ಟು ಬರಬರುತ್ತ ಅವಳ ಕಿವಿಗೂ ಕೇಳತೊಡಗಿತು. ಒಂದು ದಿನ ಅವನು ಚೆಂಡು ನಿಲ್ಲಿಸಿದಾಗ, "ಅಪ್ಪಾ, ಮೋರ್!" ಎಂದಳು. ಅದು ಅವಳ ಮೊದಲ ಮಾತು. ನಾನು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಅವಳಿಗೆ ಮಾತು ಕಲಿಸುವವರು ಇಲ್ಲಿದ್ದಾರೆ. ಈಗ ಶಿಕ್ಷಕರನ್ನಾಗಲಿ ಮನೆಯನ್ನಾಗಲಿ ಬದಲಿಸಬೇಡಿ ಎಂದಿದ್ದಾರೆ. ನಾವೆಲ್ಲ ಹೋದರೆ ಕಲಿಕೆ ತಪ್ಪುತ್ತದೆ. ಸುಶಾಂತನೊಬ್ಬನೇ ಹೋದರೆ ಅಪ್ಪ ತಪ್ಪುತ್ತಾನೆ. ಇದನ್ನೇ ಹೇಳಲು ನಿಮ್ಮ ಕಚೇರಿಗೆ ಬಂದೆ. ಚಹಾ ಕೊಟ್ಟಿರಿ. "ಇದು ಬಿಸಿನೆಸ್, ಮೇಡಂ" ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟಿರಿ. ನಿಮ್ಮ ಸೌಜನ್ಯಕ್ಕೆ ಏನೆನ್ನಲಿ?

ಮನೆಗೆ ಬಂದರೆ ಬೆಳಗಾವಿ ಕಡೆಯ ನನ್ನ ಗಂಡ ತಲೆತಗ್ಗಿಸಿ ಕೂತಿದ್ದ. "ಸಹಿ ಮಾಡಲಿಲ್ಲಂದ್ರ ಆಡಸೂದೇ ಇಲ್ಲ ಅಂದಾರ. ಬ್ಯಾರೆ ಏನ್ ಕೆಲಸ ಬರ್ತೈತಿ ನನಗ?"

"ನೀವು ಸುಮ್ನಿರಿ, ನಾನು ಕೇಳ್ತೇನೆ" ಎಂದು, ಇಲ್ಲಿಗೆ ಬರಬೇಕಾದ ಆ ಎತ್ತರದ ಆಟಗಾರನ ಮನೆಗೇ ಫೋನ್ ಮಾಡಿದೆ. ಎತ್ತಿದವಳು ಅವನ ಹೆಂಡತಿ. ನಾನು ಯಾರೆಂದು ಹೇಳಿದ್ದೇ ತಡ, ಬಿಕ್ಕತೊಡಗಿದಳು. ಅವನ ಮೊಣಕಾಲು ಮೆಟ್ಟಿಲು ಹತ್ತಲೂ ಆಗದಷ್ಟು ಕೆಟ್ಟಿದೆಯಂತೆ. ಅವನೇ ತನ್ನ ಮ್ಯಾನೇಜರಿಗೆ ಹೇಳಿದರೆ, "ಅದನ್ನು ಲಂಡನ್ನಿನವರು ನೋಡಿಕೊಳ್ಳುತ್ತಾರೆ" ಎಂದರಂತೆ. ಇದನ್ನು ಬರೆದರೆ ನಿಮಗೆ ತೊಂದರೆಯಾಗದೇ ಎಂದೆ. ಅವಳು ಫೋನನ್ನು ಗಂಡನ ಕೈಗಿತ್ತಳು. "ಬರೆಯಿರಿ," ಎಂದ ಅವನು. "ಇನ್ನೊಂದು ಸಲ ಬಿದ್ದರೆ ನಾನು ಏಳಲಾರೆ."

ಹಾಗಾದರೆ ಲಾಭ ಯಾರಿಗೆ? ಆಟ ನಡೆಸುವವನನ್ನು ಕಳೆದುಕೊಂಡು ನಡೆಯಲಾಗದವನನ್ನು ಪಡೆಯುವ ಕ್ರೋಯ್ಡನ್ನಿಗೋ? ಸ್ಕಾಟ್ಲೆಂಡಿನ ಆ ಹುಡುಗನ ಮನೆಯವರನ್ನಾದರೂ ಯಾರಾದರೂ ಕೇಳಿದ್ದಾರೆಯೇ?

ಈ ವಿನಿಮಯವನ್ನು ತಡೆಹಿಡಿಯಿರಿ. ಆ ಎತ್ತರದ ಆಟಗಾರನ ಮೊಣಕಾಲನ್ನು ವೈದ್ಯರಿಗೆ ತೋರಿಸಿ. ಮೂವರು ಆಟಗಾರರನ್ನೂ ಎದುರು ಕೂರಿಸಿಕೊಂಡು ಕೇಳಿ. ಆಗದೆಂದರೆ ನಮ್ಮ ಫ್ಲ್ಯಾಟಿಗೆ ಬನ್ನಿ, ಅಪ್ಪ ಯಾಕೆ ಹೋದನೆಂದು ತೃಷಾಗೆ ನೀವೇ ಹೇಳಿ. ನಿಧಾನವಾಗಿ, ತುಟಿ ಕಾಣುವಂತೆ ಹೇಳಿ. ಅವಳಿಗೆ ಇನ್ನೂ ಎಲ್ಲ ಮಾತು ಕೇಳಿಸುವುದಿಲ್ಲ.

ಇಂತಿ,
ಯಾವ ತಂಡವೂ ಕೇಳದ,
ಪ್ರೇಕ್ಷಾ ಸುಶಾಂತ
ಕ್ರೋಯ್ಡನ್, ೨೦೦೪