ಎಡಗಡೆಯ ಕಿಟಕಿ

ಜೂನ್ 3, ಬೆಳಿಗ್ಗೆ 9
ಹೊಸ ಬ್ಯಾಚ್. ಹದಿಮೂರು ಜನ. ಚಿತ್ರದ ಕಾರ್ಡು ಜೋಡಿಸುತ್ತಿದ್ದೆ, ಬಾಗಿಲಲ್ಲಿ ಹೆಡ್‌ಮಾಸ್ಟರು! ಆರು ವರ್ಷದ ಹಿಂದೆ ಮಕ್ಕಳೆದುರೇ ನನ್ನ ಕಾರ್ಡುಗಳನ್ನು ಕಸದ ಬುಟ್ಟಿಗೆ ಸುರಿದು, “ಆಟ ಆಡ್ಸೋಕೆ ಸಂಬಳ ಬೇಕೇನಮ್ಮ ನಿಂಗೆ?” ಎಂದು ಕೆಲಸದಿಂದ ಕಿತ್ತುಹಾಕಿದ ಮಹಾನುಭಾವರು. ಈಗ ಗಡಿಯಾಚೆಯ ದೊಡ್ಡ ಶಾಲೆ ಕರೆದಿದೆಯಂತೆ. ಅಲ್ಲಿಯ ಭಾಷೆಯಲ್ಲಿ ಪಾಸಾದರೆ ಮಾತ್ರ ಕೆಲಸ. ಕಲಿಸುವವಳು ನಾನು. ಗುರುತು ಹತ್ತಲಿಲ್ಲ ಅವರಿಗೆ. ಅದಕ್ಕೇ ಇನ್ನಷ್ಟು ಉರಿಯಿತು.

ಜೂನ್ 4
ನಿಯಮ ಹೇಳಿದೆ. ಒಬ್ಬರು ಕಾರ್ಡು ನೋಡಿ ಆ ಭಾಷೆಯಲ್ಲೇ ವಿವರಿಸಬೇಕು, ಜೊತೆಗಾರರು ಕಾರ್ಡು ನೋಡದೆ ಬಿಡಿಸಬೇಕು. ಬಿಡಿಸಿದ್ದು ಕಾರ್ಡಿಗೆ ಎಷ್ಟು ಹೊಂದುತ್ತದೋ, ಹೇಳಿದವರಿಗೆ ಅಷ್ಟು ಅಂಕ. ಎಲ್ಲವೂ ರೆಕಾರ್ಡ್.
“ಪರೀಕ್ಷೆ ಯಾವಾಗ ಮೇಡಂ?” ಎಂದರು ಹೆಡ್‌ಮಾಸ್ಟರು.
“ಇದೇ ಪರೀಕ್ಷೆ ಸರ್.”
ಆ ಮುಖ ನೋಡಬೇಕಿತ್ತು! ಅಕ್ಕನಿಗೆ ಹೇಳಿ ಬಿದ್ದು ಬಿದ್ದು ನಕ್ಕೆ.

ಜುಲೈ 19
ಕಲಿಯುತ್ತಿದ್ದಾರೆ, ಹಾಳಾಗಿ ಹೋಗಲಿ. ಬಸ್ಸಿನಲ್ಲೂ ಪದಗಳ ಚೀಟಿ ಹಿಡಿದಿರುತ್ತಾರೆ. ನಾಳೆ ಕೊನೆಯ ಆಟ, ಪಾಸು-ಫೇಲು ಅದರಲ್ಲೇ. ಹದಿಮೂರರಲ್ಲಿ ಒಬ್ಬರಿಗೆ ಜೊತೆಯಿಲ್ಲ... ಆ ಒಬ್ಬರು ಹೆಡ್‌ಮಾಸ್ಟರೇ ಆಗುವಂತೆ ಪಟ್ಟಿ ಮಾಡಿದ್ದೇನೆ, ಅವರಿಗೆ ನಾನೇ ಜೊತೆ.
“ಬೇಡ ಕಣೇ, ಬಿಟ್ಬಿಡು,” ಎಂದಳು ಅಕ್ಕ.
“ಬುಟ್ಟಿಗೆ ಕೈ ಹಾಕಿ ಕಾರ್ಡು ಹೆಕ್ಕಿದ್ದು ನೀನಲ್ವಲ್ಲ.”
ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.

ಜುಲೈ 20, ಮಧ್ಯಾಹ್ನ
ಮುಗಿಸಿದೆ. ಎಡಗಡೆ ಕಿಟಕಿ, ಮೇಜಿನ ಕೆಳಗೆ ಬೆಕ್ಕು — ಒಂದು ತಪ್ಪಿಲ್ಲದೆ ಹೇಳಿದರು. ಕಿಟಕಿಯನ್ನು ಬಲಕ್ಕೆ ಬಿಡಿಸಿದೆ. ಬೆಕ್ಕನ್ನು ಮೇಜಿನ ಮೇಲೆ ಕೂರಿಸಿದೆ, ಮೀಸೆ ಸಮೇತ. ಹೀಗೇ ಇನ್ನೂ ಐದು. ಹತ್ತಕ್ಕೆ ಮೂರು. ಫೇಲ್.
ಜಗಳಕ್ಕೆ ಬರುತ್ತಾರೆಂದು ಕಾದೆ. “ನಾನೇ ತಪ್ಪು ಹೇಳಿರ್ಬೇಕು ಮೇಡಂ,” ಎಂದು ತಲೆ ತಗ್ಗಿಸಿದರು. ಒಂದು ಕ್ಷಣ ಹೇಗೋ ಆಯಿತು. ಆಮೇಲೆ ಸಂತೋಷವೇ ಆಯಿತು, ಸುಳ್ಳೇಕೆ.

ಜುಲೈ 22, 11.40
ಆಫೀಸಿನವರು ನನ್ನನ್ನು ಕೇಳದೆ ಅವರಿಗೆ ರೆಕಾರ್ಡಿಂಗ್ ಕೊಟ್ಟಿದ್ದಾರೆ, ನಾನು ಬಿಡಿಸಿದ ಚಿತ್ರವನ್ನೂ. “ಎಲ್ಲಿ ತಪ್ಪಿದೆ ಅಂತ ಕೇಳಿ ತಿದ್ಕೊಳ್ತೀನಿ” ಅಂದರಂತೆ. ಎದುರಿನ ಬೆಂಚಿನಲ್ಲೇ ಕೂತಿದ್ದಾರೆ, ಇಯರ್‌ಫೋನ್ ಹಾಕಿಕೊಂಡು. ಬೆರಳು ಕಿಟಕಿಯ ಮೇಲೆ ನಿಂತಿದೆ. ಹಿಂದಕ್ಕೆ ಓಡಿಸಿ ಮತ್ತೆ ಕೇಳುತ್ತಿದ್ದಾರೆ. ಈಗ ಬೆರಳು ಬೆಕ್ಕಿನ ಮೇಲೆ.
ನನ್ನ ಕೆಲಸ ಹೋಯಿತು. ಎರಡನೇ ಸಲ, ಅವರಿಂದಲೇ.
ಎದ್ದರು. ಬಾಗಿಲ ಬಳಿಯ ಕಸದ ಬುಟ್ಟಿಯ ಹತ್ತಿರ ನಿಂತರು. ಕೈಯಲ್ಲಿನ ಚಿತ್ರ ನೋಡಿದರು. ಬುಟ್ಟಿ ನೋಡಿದರು. ನನ್ನನ್ನು ನೋಡಿದರು.
ಹತ್ತಿತು! ಈಗ ಹತ್ತಿತು ಗುರುತು. ಬರಲಿ. ‘ಮೇಡಂ’ ಅನ್ನುತ್ತಾರೋ, ‘ಏನಮ್ಮ’ ಅನ್ನುತ್ತಾರೋ —