ಸೊಟ್ಟ ಕೊಂಬು

ಇಸವಿ ೨೨೯೧, ಉಣ್ಣೆ ಕತ್ತರಿಸುವ ತಿಂಗಳು
ಕೊಕ್‌ಬುಲಾಕ್ ಹಳ್ಳಿ, ಕಜಕಸ್ತಾನ

ಕಮ್ಕಾ ಅಜ್ಜಿಗೆ, ನಿಮ್ಮ ಒಂಬತ್ತನೆಯ ತಲೆಮಾರಿನ ಬತಿಮಾಳ ಸಲಾಮು.

ತಾರೀಕು ನೋಡಿ ಗಾಬರಿಯಾಗಬೇಡಿ. ನೀವಿನ್ನೂ ಬದುಕಿರುವ ಕಾಲಕ್ಕೆ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಓದಿದವಳು ನಾನು, ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಇದಕ್ಕೆ ನಮ್ಮಲ್ಲಿ ಹಿನ್ನೋಲೆ ಎನ್ನುತ್ತಾರೆ. ಹಿರಿಯರಿಗೆ ಬರೆದ ಕಾಗದವನ್ನು ಉಣ್ಣೆಯ ಪದರಗಳ ನಡುವೆ ಇಟ್ಟು, ಬಿಸಿನೀರು ಚಿಮುಕಿಸಿ, ಸುತ್ತಿ, ಗಟ್ಟಿಯಾಗುವವರೆಗೆ ಉರುಳಿಸುತ್ತೇವೆ. ಅಕ್ಷರವೆಲ್ಲ ಉಣ್ಣೆಗೆ ಸೇರಿ, ಅಲ್ಲಿಂದ ಹಿರಿಯರನ್ನು ಮುಟ್ಟುತ್ತದೆಂದು ನಂಬಿಕೆ. ಬೇರೆ ಯಾರೂ ಓದುವುದಿಲ್ಲವೆಂಬ ಧೈರ್ಯದಿಂದಲೇ ನಿಜ ಹೇಳುತ್ತಿದ್ದೇನೆ.

ನೀವು ಮಾಡಿದ ಸಿರ್ಮಾಕ್ ಹಾಸು ನಮ್ಮ ಮನೆಯಲ್ಲಿದೆ. ಬಿಳಿ ಉಣ್ಣೆಹಾಸಿನ ಮೇಲೆ ಕಪ್ಪು ಹಾಸು ಇಟ್ಟು, ಎರಡನ್ನೂ ಒಂದೇ ಸಲಕ್ಕೆ ಕತ್ತಿಯಿಂದ ಕೊಯ್ದು, ಕಪ್ಪು ಟಗರುಕೊಂಬಿನ ಚಿತ್ತಾರವನ್ನು ಬಿಳಿಯಲ್ಲೂ ಬಿಳಿಯದನ್ನು ಕಪ್ಪಿನಲ್ಲೂ ಕೂರಿಸಿ ಹೊಲಿದಿರಿ. ಒಂದು ಕೊಯ್ತಕ್ಕೆ ಎರಡು ಹಾಸು. ಕಪ್ಪು ಕೊಂಬಿನದನ್ನು ನೀವು ಇಟ್ಟುಕೊಂಡಿರಿ, ಬಿಳಿ ಕೊಂಬಿನದನ್ನು ಗಡಿಯಾಚೆ ಮದುವೆಯಾಗಿ ಹೋದ ತಂಗಿಗೆ ಕೊಟ್ಟಿರಿ. ಕೊಟ್ಟದ್ದು ನಮಗೆ ಮರೆತೇಹೋಗಿತ್ತು. ನಮ್ಮ ಹಾಸಿನ ಮೂರನೆಯ ಕೊಂಬಿನ ತುದಿ ಸೊಟ್ಟಗಿದ್ದದ್ದು ಮಾತ್ರ ನಾನು ಹುಟ್ಟಿದಾಗಿನಿಂದ ಕಣ್ಣಿಗೆ ಚುಚ್ಚುತ್ತಿತ್ತು.

ಈ ವಸಂತದಲ್ಲಿ ಐಗಾನಿಮ್ ಎಂಬ ಕಲಾವಿದೆ ಪಟ್ಟಣದಿಂದ ಹೇಳಿಕಳಿಸಿದಳು, ಹಳೆಯ ಹಾಸು ನೋಡಬೇಕೆಂದು. ಅವಳದು ಉಸಿರುಗೋಡೆಯ ಕೆಲಸ. ಎದುರು ನಿಂತವರ ಉಸಿರಿಗೆ ಅಲುಗುವ ಗೋಡೆ ಅದು. ಬೇರೆ ಬೇರೆ ಊರು ಸೇರಿದ ಜೋಡಿಹಾಸುಗಳನ್ನು ಹುಡುಕಿ, ಅದರ ಮೇಲೆ ಅಕ್ಕಪಕ್ಕ ತೂಗುಹಾಕುತ್ತಾಳೆ. ಪಟ್ಟಣದವರು ನೋಡಿ ನಗುತ್ತಾರೆಂದು ನಾನು ಮೊದಲೇ ಹೊಲಿಗೆ ಬಿಚ್ಚಿ, ಸೊಟ್ಟ ತುದಿ ಕತ್ತರಿಸಿ, ಹೊಸ ಬಿಳಿ ಉಣ್ಣೆ ತುಂಬಿ, ನೆಟ್ಟಗೆ ಮಾಡಿದೆ. ಚೆನ್ನಾಯಿತೆಂದು ಹಿಗ್ಗಿದೆ ಕೂಡ.

ಐಗಾನಿಮ್ ಒಬ್ಬಳೇ ಬರಲಿಲ್ಲ. ನಮ್ಮದರ ಜೋಡಿ ಇರಬಹುದೆಂದು ಗಡಿಯಾಚೆಯ ರಾಬಿಗಾ ಎಂಬವಳು ತನ್ನ ಹಾಸನ್ನು ಹೆಗಲ ಮೇಲೆ ಹೊತ್ತು ಬಂದಿದ್ದಳು. ಬಾಗಿಲಲ್ಲೇ, "ಟೀ ಆಮೇಲೆ ಕುಡೀತೀನಿ ಅಕ್ಕಾ, ಮೊದ್ಲು ಕೊಂಬು ತೋರ್ಸಿ. ಟಗರು ನೋಡೋಕೆ ಬಂದೋಳು ನಾನು!" ಎಂದು ನಕ್ಕಳು. ಅವಳ ಕಡೆ ಬಂಧುಗಳು ಈಗ ಯಾರೂ ಉಳಿದಿಲ್ಲವಂತೆ. ಎರಡನ್ನೂ ಪಕ್ಕಪಕ್ಕ ಹಾಸಿದೆವು. ಟಗರುಕೊಂಬಿನ ಚಿತ್ತಾರ ಎಲ್ಲರ ಮನೆಯ ಹಾಸಿನಲ್ಲೂ ಇರುತ್ತದೆ, ಅದರಿಂದಲೇ ನಂಟು ಹೇಳಲಾಗದು. ಅವಳ ಬಿಳಿ ಕೊಂಬುಗಳಲ್ಲಿ ಮೂರನೆಯದು ಮಾತ್ರ ಸೊಟ್ಟ.

"ನಿಮ್ದೂ ಇಲ್ಲೇ ಸೊಟ್ಟ ಇರ್ಬೇಕಿತ್ತಲ್ಲ ಅಕ್ಕಾ? ಅದೇ ಗುರುತು ಅಂತಿದ್ಲು ನಮ್ಮಜ್ಜಿ."

ಐಗಾನಿಮ್ ನನ್ನ ಮುಖವನ್ನೇ ನೋಡುತ್ತಿದ್ದಳು. ತಿದ್ದಿದೆ ಎನ್ನಲು ನಾಚಿಕೆಯಾಯಿತು. "ಅಲ್ಲಾಹನಾಣೆ, ಮೊದಲಿನಿಂದ್ಲೂ ಹೀಗೇ ಇದೆ" ಎಂದುಬಿಟ್ಟೆ. ಐದು ಹೊತ್ತು ತಲೆಬಾಗುವ ಹೆಂಗಸು ನಾನು, ಅಜ್ಜಿ.

ರಾಬಿಗಾ ಹಾಸನ್ನು ಮೆಲ್ಲಗೆ ಸುತ್ತಿದಳು. "ಹೋಗ್ಲಿ ಬಿಡಿ, ನಮ್ಮೋರಲ್ದಿದ್ರೂ ಟೀ ಕೊಡ್ತೀರಲ್ವಾ?" ಎಂದಳು. ಕೊಟ್ಟೆ. ಕುಡಿದು ಹೋದಳು.

ಕತ್ತರಿಸಿದ ತುದಿಯನ್ನು ಎಸೆಯಲಾರದೆ ನಮಾಜಿನ ಹಾಸಿನ ಕೆಳಗೆ ಇಟ್ಟಿದ್ದೇನೆ. ಬೆರಳಿನ ಉಗುರಿನಷ್ಟಿದೆ. ಸಜ್ದಾಕ್ಕೆ ಬಾಗಿದಾಗಲೆಲ್ಲ ಹಣೆಗೆ ಒತ್ತುತ್ತದೆ. ಈ ಶುಕ್ರವಾರ ಅದನ್ನು ಹಿಡಿದು ರಾಬಿಗಾಳ ಊರಿಗೆ ಹೊರಡುತ್ತೇನೆ. ಅವಳ ಸೊಟ್ಟ ಕೊಂಬಿನ ಮೇಲಿಟ್ಟು ತೋರಿಸುತ್ತೇನೆ, ಸುಳ್ಳಾಣೆ ಇಟ್ಟೆನೆಂದು ನನ್ನ ಬಾಯಿಂದಲೇ ಹೇಳುತ್ತೇನೆ. ಅವಳು ಬೈದರೆ ಬೈಸಿಕೊಳ್ಳುತ್ತೇನೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಮೂರನೆಯ ಕೊಂಬಿನ ಹತ್ತಿರ ಕತ್ತಿ ಜಾರಿದಾಗ ನಾಚಿಕೊಂಡು ತಿದ್ದಲು ಹೋಗಬೇಡಿ, ಅಜ್ಜಿ. ರಾಬಿಗಾ ನಮ್ಮವಳೆನ್ನಲು ನಮಗಿರುವುದು ಅದೊಂದೇ ಗುರುತು.