ಡ್ರಾ ಅಲ್ಲ ಸಾಹೇಬ್ರೆ

ಹೊಸದುರ್ಗ

ಹೆಂಕ್ ಸಾಹೇಬ್ರಿಗೆ ಏಕನಾಥಮ್ಮನ ನಮಸ್ಕಾರ.

ಚೆಸ್ ಟೂರ್ನಿಗೆ ಬಂದು ನಮ್ಮ ಮಹಡಿ ರೂಮಿನಾಗೆ ಇದ್ದದ್ದನ್ನ ಹಾಲೆಂಡ್ ಪೇಪರಿನ ನಿಮ್ಮ ಅಂಕಣದಾಗೆ ಬರ್ದಿದ್ದೀರಿ. ಮಗಳು ನಾಗಶ್ರೀ ಮೊಬೈಲಿನಾಗೆ ಕನ್ನಡ ಮಾಡ್ಕಂಡು ಓದಿದ್ಲು. ನನ್ನ ಮುದ್ದೆ ಹೊಗಳಿದ್ದು ಸಂತೋಷ. ಆದ್ರೆ ನಮ್ಮಿಬ್ಬರ ಆಟ ಡ್ರಾ ಆತು ಅಂತ ಬರ್ದಿದ್ದು ಸರಿಯಲ್ಲ ಕಣ್ರಿ. ನಿಮ್ಮ ರಾಜನಿಗೆ ಯಾವ ಕಡೆಗೂ ಹೆಜ್ಜೆ ಇಡಾಕೆ ಜಾಗ ಇರ್ಲಿಲ್ಲ. "ಚೆಕ್ ಕೊಟ್ಟಿಲ್ವಲ್ಲಮ್ಮ, ಹಂಗಾಗಿ ಡ್ರಾ" ಅಂತ ನಾಗಶ್ರೀ ಕೈಲಿ ಹೇಳಿಸಿದ್ರಿ. ಅಲ್ಲಾಡಾಕೂ ಆಗ್ದೆ ಕುಂತೋನು ಸೋತಂಗಲ್ಲೇನ್ರಿ?

ಭಾನುವಾರ ಮಹಿಳಾ ಸಂಘದೋರು ನಂಗೆ ಶಾಲು ಹೊದಿಸ್ತಾರೆ. "ಗ್ರ್ಯಾಂಡ್‌ಮಾಸ್ಟರನ್ನು ಸೋಲಿಸಿದ ಏಕನಾಥಮ್ಮ" ಅಂತ ಬ್ಯಾನರ್ ಪ್ರಿಂಟಾಗೈತೆ. ಅಷ್ಟರಾಗೆ ಸೋತೆ ಅಂತ ಒಂದು ಸಾಲು ಬರ್ದುಬಿಡ್ರಿ.

ನೀವು ಒಂದು ಕಾಲಕ್ಕೆ ನಿಮ್ಮ ದೇಶಕ್ಕೇ ಚಾಂಪಿಯನ್ ಆಗಿದ್ದೋರು, ಒಂದು ಆಟ ಸೋತ್ರೆ ಏನೂ ಕಮ್ಮಿಯಾಗಲ್ಲ. ನಾನು ಗೆದ್ದಿರೋದು ಇದೊಂದೇ.

ಇಂತಿ,
ನಿಮ್ಮ ಮನೆ ಓನರ್
ಏಕನಾಥಮ್ಮ